ಮೇವು ಎಲ್ಲಿಂದ, ಲದ್ದಿ ಎಲ್ಲಿಗೆ?

ತೀರ್ಥಹಳ್ಳಿ ಹತ್ತಿರ ನಮ್ಮ ಅತ್ತೆಯ ತೋಟದಲ್ಲಿ ಒಂದು ಪಂಪ್‌ಸೆಟ್ ಇದೆ. ಹಳ್ಳದ ಪಕ್ಕ, ತಗಡಿನ ಗೂಡಿನೊಳಗೆ. ಮೋಟರಿನ ಮೈಗೆ ಹೊಡೆದ ಪಟ್ಟಿಯಲ್ಲಿ '5 ಎಚ್‌ಪಿ, 3.7 ಕಿಲೋವ್ಯಾಟ್' ಅಂತ ಬರೆದಿದೆ. ಹೋದ ಬೇಸಿಗೆಯಲ್ಲಿ ಸ್ಟಾರ್ಟರ್ ಕೆಟ್ಟಿತ್ತು. ರಿಪೇರಿಯವನನ್ನು ಕಾಯುತ್ತಾ ನಾನೂ ಅತ್ತೆಯೂ ಅಲ್ಲೇ ಕಟ್ಟೆ ಮೇಲೆ ಕೂತಿದ್ದೆವು. ಈ ಎಚ್‌ಪಿ ಅಂದರೇನು ಅಂತ ಅತ್ತೆ ಕೇಳಿದರು. ಕುದುರೆ ಲೆಕ್ಕ ಅತ್ತೆ, ಐದು ಕುದುರೆಯಷ್ಟು ಶಕ್ತಿ ಅಂದೆ.

"ಐದು ಕುದುರೆಯಾ! ಒಂದಕ್ಕೂ ಹುಲ್ಲು ಹಾಕೋ ಹಾಗಿಲ್ಲ, ಲದ್ದಿ ಬಾಚೋ ಹಾಗಿಲ್ಲ. ಒಳ್ಳೇದೇ ಆಯ್ತಲ್ಲ ಮಾರಾಯ."

ಅತ್ತೆ ತಮಾಷೆಗೆ ಹೇಳಿದ್ದು. ನನಗೆ ಮಾತ್ರ ಆ ಮಾತು ತಲೆಯಲ್ಲೇ ಉಳಿಯಿತು. ನಮ್ಮ ಕಡೆ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಎರಡು ಥರದ ಮಾತು ಕೇಳುತ್ತಲೇ ಇರುತ್ತೇವೆ. ಹಿಂದಿನ ಕಾಲವೇ ಚೆನ್ನಾಗಿತ್ತು, ಜಟಕಾ ಗಾಡಿ, ಎತ್ತಿನಗಾಡಿ, ಹೊಗೆ ಅನ್ನೋದೇ ಇರಲಿಲ್ಲ ಅನ್ನುವವರು ಕೆಲವರು. ಎಲ್ಲಾ ಗಾಡಿ ಎಲೆಕ್ಟ್ರಿಕ್ ಆಗಿಬಿಟ್ಟರೆ ಸಮಸ್ಯೆಯೇ ಮುಗೀತು ಅನ್ನುವವರು ಇನ್ನು ಕೆಲವರು. ಇಬ್ಬರ ಮಾತನ್ನೂ ಅಳೆಯಲು ಅತ್ತೆಯ ಎರಡು ಪ್ರಶ್ನೆ ಸಾಕು. ಇದು ಏನು ತಿನ್ನುತ್ತದೆ, ಮೇವು ಎಲ್ಲಿಂದ ಬರುತ್ತದೆ? ತಿಂದಿದ್ದು ಲದ್ದಿಯಾಗಿ ಎಲ್ಲಿ ಬೀಳುತ್ತದೆ?

ಮೊದಲು ಈ ಎಚ್‌ಪಿ ವಿಷಯ ಮುಗಿಸಿಬಿಡೋಣ. 1780ರ ದಶಕದಲ್ಲಿ ಜೇಮ್ಸ್ ವ್ಯಾಟ್ ಬ್ರಿಟನ್ನಿನಲ್ಲಿ ಉಗಿ ಯಂತ್ರ ಮಾರುತ್ತಿದ್ದ. ಕೊಳ್ಳುವವರು ಗಿರಣಿಯವರು, ಬಿಯರ್ ತಯಾರಿಸುವವರು. ಅವರ ಹತ್ತಿರ ಆಗಲೇ ಕುದುರೆಗಳಿದ್ದವು. ಅವರು ಕೇಳುತ್ತಿದ್ದದ್ದು ಒಂದೇ: ಈ ಯಂತ್ರ ತಂದರೆ ನಾನು ಎಷ್ಟು ಕುದುರೆ ಮಾರಬಹುದು? ಅದಕ್ಕೆ ಉತ್ತರ ಕೊಡಲೆಂದೇ ವ್ಯಾಟ್ ಒಂದು ಅಳತೆ ಹಿಡಿದ. ಈಗಿನ ಲೆಕ್ಕದಲ್ಲಿ ಅದು ಸುಮಾರು 746 ವ್ಯಾಟ್. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ತುಂಬಿದ ಅಡಿಕೆ ಚೀಲವೊಂದನ್ನು ಹೆಚ್ಚುಕಡಿಮೆ ಸೆಕೆಂಡಿಗೆ ಒಂದು ಮೀಟರಿನಂತೆ ಮೇಲೆತ್ತುತ್ತಾ ಹೋಗುವ ಶಕ್ತಿ. ವ್ಯಾಟ್ ಧಾರಾಳವಾಗಿಯೇ ಲೆಕ್ಕ ಹಾಕಿದ. ನಿಜವಾದ ಕುದುರೆ ದಿನವಿಡೀ ಅಷ್ಟು ದುಡಿಯುವುದಿಲ್ಲ. ಕೆಲವೇ ಸೆಕೆಂಡು ಮಾತ್ರ ಕೆರಳಿ ಎಳೆದರೆ ಹದಿನೈದು ಎಚ್‌ಪಿವರೆಗೂ ಹೋಗಬಹುದು. ಈಗ ನಮ್ಮ ಮನೆ ಮುಂದೆ ನಿಲ್ಲುವ ಸಣ್ಣ ಸ್ಕೂಟರಿಗೇ ಏಳೆಂಟು ಎಚ್‌ಪಿ. ಅಂದರೆ ಎರಡು ಕಟ್ಟು ಕೊತ್ತಂಬರಿ ಸೊಪ್ಪು ತರಲು ಏಳೆಂಟು ಕುದುರೆ ಕಟ್ಟಿಕೊಂಡು ಹೋಗುತ್ತೇವೆ.

ನಿಜ ಹೇಳಬೇಕೆಂದರೆ ಮಲೆನಾಡು ಕುದುರೆ ಸೀಮೆಯೇ ಅಲ್ಲ. ವಿಜಯನಗರದ ಕಾಲದಲ್ಲಿ ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್ ಮತ್ತು ಅರಬ್ ಕಡೆಯಿಂದ ಹಡಗಿನಲ್ಲಿ ಬಂದ ಕುದುರೆಗಳು ಭಟ್ಕಳದಂಥ ಬಂದರುಗಳಲ್ಲಿ ಇಳಿದು ಘಾಟಿ ಹತ್ತುತ್ತಿದ್ದವು. ನಮ್ಮ ಹವೆಯಲ್ಲಿ ಒಳ್ಳೆಯ ಕುದುರೆ ಹುಟ್ಟಿ ಬೆಳೆಯುವುದು ಕಷ್ಟ. ಹಾಗಾಗಿ ವರ್ಷವರ್ಷವೂ ತರಿಸಲೇಬೇಕಾಗಿತ್ತು. ವಿಜಯನಗರದ ಅರಸ ಸಾಳುವ ನರಸಿಂಹನಿಗೆ ಕುದುರೆ ಎಷ್ಟು ಬೇಕಾಗಿತ್ತೆಂದರೆ, ಸಮುದ್ರದ ದಾರಿಯಲ್ಲೇ ಸತ್ತ ಕುದುರೆಗೂ ಅವನು ದುಡ್ಡು ಕೊಡುತ್ತಿದ್ದನಂತೆ. ಸತ್ತಿದ್ದಕ್ಕೆ ಸಾಕ್ಷಿಯಾಗಿ ಬಾಲ ತಂದು ತೋರಿಸಿದರೆ ಸಾಕು. ಇದನ್ನು ಬರೆದಿಟ್ಟವನು ನುನೀಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ.

ಆಗುಂಬೆಯಂಥ ಜಾಗದಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನೆಲ ಒಣಗುವುದೇ ಇಲ್ಲ. ಕುದುರೆಯದು ಇಡೀ ಗೊರಸು. ಸದಾ ಒದ್ದೆಯಲ್ಲಿ ನಿಂತರೆ ಅದರ ಅಡಿ ಮೆತ್ತಗಾಗಿ ಕೊಳೆಯುತ್ತದೆ. ರಕ್ತ ಹೀರುವ ದೊಡ್ಡ ನೊಣಗಳಿಂದ ಹರಡುವ ಸರ್ರಾ ಎಂಬ ಜ್ವರ ಬೇರೆ. ಎತ್ತಿನ ಗೊರಸು ಸೀಳಾಗಿರುವುದರಿಂದ ಕೆಸರಿನಲ್ಲಿ ಅಗಲವಾಗಿ ಊರುತ್ತದೆ, ಕೀಳುವಾಗ ಹಿಡಿದುಕೊಳ್ಳುವುದಿಲ್ಲ. ಮೇಲಾಗಿ ಎತ್ತು ಮೆಲುಕು ಹಾಕುವ ಪ್ರಾಣಿ, ಬರೀ ಭತ್ತದ ಹುಲ್ಲಿನಲ್ಲಿಯೂ ಹೇಗೋ ದಿನ ತಳ್ಳುತ್ತದೆ. ಕುದುರೆಗೆ ಅದು ಸಾಲದು. ಒಳ್ಳೆಯ ಹುಲ್ಲಿನ ಜತೆ ಹುರುಳಿಯನ್ನೋ ಬೇರೆ ಕಾಳನ್ನೋ ಕೊಡಬೇಕು. ಹಾಗಾಗಿ ಗುಡ್ಡದ ದಾರಿಗೆ ಹೇರೆತ್ತು, ಸ್ವಲ್ಪ ಸಮ ದಾರಿಗೆ ಎತ್ತಿನಗಾಡಿ. ಕುದುರೆ ಏನಿದ್ದರೂ ಕೆಳದಿ, ಇಕ್ಕೇರಿಯ ಅರಸರ ಲಾಯಕ್ಕೆ. ಆಮೇಲೆ ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ರೈಲು ಬಂತು. ರೈಲಿಳಿದವರನ್ನು ಊರೊಳಗೆ ಕರೆದೊಯ್ಯಲು ಜಟಕಾ ಗಾಡಿಗಳು ಸ್ಟೇಷನ್ನಿನ ಎದುರು ಸಾಲಾಗಿ ನಿಲ್ಲುತ್ತಿದ್ದವು ಎಂದು ಹಳಬರು ಹೇಳುತ್ತಾರೆ.

ಅಂಥ ನಾಲ್ಕಾರು ಜಟಕಾ ಇದ್ದ ಪೇಟೆಯಲ್ಲಿ ಲದ್ದಿ ಸಮಸ್ಯೆಯೇ ಅಲ್ಲ. ಬಿದ್ದದ್ದನ್ನು ಯಾರೋ ಬುಟ್ಟಿಯಲ್ಲಿ ಬಾಚಿ ತೋಟಕ್ಕೆ ಒಯ್ಯುತ್ತಾರೆ. ನಮ್ಮ ಕೊಟ್ಟಿಗೆಯ ಲೆಕ್ಕವೂ ಅದೇ. ಬೆಟ್ಟದಿಂದ ಸೊಪ್ಪು ಕಡಿದು ತಂದು ದನದ ಕಾಲಡಿ ಹಾಸಬೇಕು. ಸಗಣಿ, ಗಂಜಳ, ಸೊಪ್ಪು ಎಲ್ಲಾ ತುಳಿದು ಬೆರೆತು ಗೊಬ್ಬರ. ಅದೇ ಅಡಿಕೆ ಮರದ ಬುಡಕ್ಕೆ. ಇಲ್ಲಿ ಲದ್ದಿ ಅಂದರೆ ಆಸ್ತಿ.

ಊರು ದೊಡ್ಡದಾದಾಗ ಈ ಲೆಕ್ಕ ತಲೆಕೆಳಗಾಗುತ್ತದೆ. 1900ರ ಸುಮಾರಿಗೆ ಲಂಡನ್ನಿನಲ್ಲಿ 65 ಲಕ್ಷ ಜನ, ಸುಮಾರು ಮೂರು ಲಕ್ಷ ಕುದುರೆ. ಬಸ್ಸು ಎಳೆಯುವುದಕ್ಕೆ, ಬಾಡಿಗೆ ಗಾಡಿಗೆ ಅಂತಲೇ ಐವತ್ತು ಸಾವಿರ. ಒಂದು ಕುದುರೆ ದಿನಕ್ಕೆ ಇಪ್ಪತ್ತು ಕಿಲೋ ಆಸುಪಾಸು ಲದ್ದಿ ಹಾಕುತ್ತದೆ, ಹತ್ತು ಲೀಟರಿನಷ್ಟು ಉಚ್ಚೆ ಹೊಯ್ಯುತ್ತದೆ. ಇದನ್ನು ಓದುವಾಗ 'ಅಷ್ಟೇನಾ' ಅನ್ನಿಸಬಹುದು. ಅದಕ್ಕೇ ಲಂಡನ್ ಬಿಟ್ಟು ನಮ್ಮೂರಿಗೆ ಬರೋಣ.

2011ರ ಜನಗಣತಿ ಪ್ರಕಾರ ಶಿವಮೊಗ್ಗ ಪಟ್ಟಣದಲ್ಲಿ 3.22 ಲಕ್ಷ ಜನ. ಲಂಡನ್ನಿನ ಲೆಕ್ಕದಲ್ಲೇ, ಇಪ್ಪತ್ತೊಂದು ಇಪ್ಪತ್ತೆರಡು ಜನಕ್ಕೆ ಒಂದು ಕುದುರೆ ಅಂತ ಹಿಡಿಯಿರಿ. ಹದಿನೈದು ಸಾವಿರ ಕುದುರೆ ಆಯಿತು. ದಿನಕ್ಕೆ 300 ಟನ್ ಲದ್ದಿ. ಹತ್ತು ಟನ್ ಹಿಡಿಯುವ ಟಿಪ್ಪರಿಗೆ ತುಂಬಿದರೆ ಮೂವತ್ತು ಲೋಡು. ದಿನಾ, ಭಾನುವಾರ ಸೇರಿ. ಗೋಪಿ ಸರ್ಕಲ್ಲಿನಲ್ಲಿ, ಬಿ.ಎಚ್. ರೋಡಿನಲ್ಲಿ, ದುರ್ಗಿಗುಡಿಯ ಓಣಿಗಳಲ್ಲಿ. ಈಗ ಜುಲೈ ತಿಂಗಳ ಮಳೆ ನೆನಪಿಸಿಕೊಳ್ಳಿ. ಆ ನೀರೆಲ್ಲಾ ಚರಂಡಿ ಹಿಡಿದು ಹೋಗುವುದು ತುಂಗೆಗೆ. ಗಾಂಧಿ ಬಜಾರಿನಲ್ಲಿ ಸೀರೆ ನೆರಿಗೆ ಎತ್ತಿ ಹಿಡಿದು ದಾಟುವ ಹೆಂಗಸರನ್ನೂ ನೆನಪಿಸಿಕೊಳ್ಳಿ. ಮಳೆ ನಿಂತು ಬಿಸಿಲು ಬಿದ್ದರೆ ಅದೇ ಲದ್ದಿ ಒಣಗಿ ಪುಡಿಯಾಗಿ ಗಾಳಿಯಲ್ಲಿ ಹಾರುತ್ತದೆ. ನೊಣ ಮೊಟ್ಟೆ ಇಡಲು ಹಸಿ ಲದ್ದಿಗಿಂತ ಒಳ್ಳೆಯ ಜಾಗ ಇಲ್ಲ. ಆ ನೊಣದ ಕಾಲಿಗೆ ಅಂಟಿಕೊಂಡೇ ಭೇದಿ, ಟೈಫಾಯ್ಡ್ ಮನೆ ಮನೆಗೆ ಹೋಗುತ್ತಿದ್ದದ್ದು. ಧನುರ್ವಾಯು ತರುವ ರೋಗಾಣು ಕುದುರೆಯ ಕರುಳಿನಲ್ಲಿ ಸುಖವಾಗಿ ಬದುಕುತ್ತದೆ, ಲದ್ದಿಯ ಜತೆ ಬೀದಿಗೆ ಬರುತ್ತದೆ. ಬರಿಗಾಲಲ್ಲಿ ಓಡಾಡುವ ಕಾಲ ಬೇರೆ.

ಸತ್ತ ಕುದುರೆಗಳ ಕಥೆ ಇನ್ನೊಂದು. ನ್ಯೂಯಾರ್ಕಿನಲ್ಲಿ 1880ರಲ್ಲಿ ಬೀದಿಯಿಂದ ಎತ್ತಿ ಸಾಗಿಸಿದ ಸತ್ತ ಕುದುರೆಗಳು ಹದಿನೈದು ಸಾವಿರ. ಬಸ್ಸೆಳೆಯುವ ಕುದುರೆ ನಾಲ್ಕೈದು ವರ್ಷ ದುಡಿದರೆ ಹೆಚ್ಚು. ಆಮೇಲೆ ಅದು ಕೆಲಸಕ್ಕೆ ಬಾರದು. ಹಳೆಯ ಕಾಲ ಚೆನ್ನಾಗಿತ್ತು ಅನ್ನುವಾಗ ನಾವು ಕುದುರೆಯನ್ನು ಕೇಳಿರುವುದಿಲ್ಲ.

ಇನ್ನೂ ಒಂದು ಸಂಗತಿ ನನಗೆ ಕುತೂಹಲದ್ದು. 1872ರಲ್ಲಿ ಕೆನಡಾದಿಂದ ಶುರುವಾಗಿ ಇಡೀ ಅಮೆರಿಕದಲ್ಲಿ ಕುದುರೆಗಳಿಗೆ ಜ್ವರ ಬಂತು, ನಮ್ಮ ಫ್ಲೂ ಥರದ್ದು. ವಾರಗಟ್ಟಲೆ ಊರಿಗೆ ಊರೇ ನಿಂತುಹೋಯಿತು. ಹಾಲು ಬರಲಿಲ್ಲ, ಕಲ್ಲಿದ್ದಲು ಬರಲಿಲ್ಲ. ಅದೇ ನವೆಂಬರಿನಲ್ಲಿ ಬಾಸ್ಟನ್ ನಗರಕ್ಕೆ ಬೆಂಕಿ ಬಿದ್ದಾಗ ಬೆಂಕಿ ಆರಿಸುವ ಗಾಡಿಗಳನ್ನು ಮನುಷ್ಯರೇ ಎಳೆದುಕೊಂಡು ಓಡಬೇಕಾಯಿತು. ಡೀಸೆಲ್ ಸಿಗದಿದ್ದರೆ ನಾವು ಒದ್ದಾಡುವ ಹಾಗೆಯೇ ಅವರೂ ಒದ್ದಾಡಿದರು.

ಇಷ್ಟೆಲ್ಲಾ ಆದಮೇಲೆ ಮೋಟರ್ ಕಾರು ಬಂದಾಗ ಜನ ಅದನ್ನು ಹೊಗಳಿದ್ದು ಯಾಕೆ ಗೊತ್ತಾ? ಅದು ಚೊಕ್ಕ ಅಂತ! ಬೀದಿ ಶುದ್ಧವಾಯಿತು, ನಾತ ಹೋಯಿತು, ನೊಣ ಕಡಿಮೆಯಾಯಿತು. ಅವರು ಹೇಳಿದ್ದು ಸುಳ್ಳಲ್ಲ. ಲದ್ದಿ ಮಾತ್ರ ಎಲ್ಲೂ ಹೋಗಿರಲಿಲ್ಲ, ಕಣ್ಣಿಗೆ ಕಾಣದ ಹಾಗಾಗಿತ್ತು ಅಷ್ಟೆ.

ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋ. ಅದನ್ನು ಉರಿಸಿದರೆ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2.3 ಕಿಲೋ. ಮುಕ್ಕಾಲು ಕಿಲೋ ಹೇಗೆ ಎರಡು ಕಿಲೋ ದಾಟಿತು ಅಂತ ನಾನೂ ಒಮ್ಮೆ ತಬ್ಬಿಬ್ಬಾಗಿದ್ದೆ. ಪೆಟ್ರೋಲಿನ ಇಂಗಾಲ ಉರಿಯುವಾಗ ಗಾಳಿಯಲ್ಲಿರುವ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ. ತೂಕ ಅಲ್ಲಿಂದ ಬಂತು. ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುವ ಕಾರು ಪ್ರತಿ ಕಿಲೋಮೀಟರಿಗೆ ನೂರೈವತ್ತು ಗ್ರಾಂ ಬಿಡುತ್ತದೆ. ಇದು ಗಟ್ಟಿ ಪದಾರ್ಥವಾಗಿ ಕೆಳಗೆ ಬೀಳುವಂತಿದ್ದರೆ ಕಿಲೋಮೀಟರಿಗೆ ಒಂದೊಂದು ಹಿಡಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವಷ್ಟರಲ್ಲಿ ದಾರಿಯುದ್ದ ಒಂಬತ್ತು ಕಿಲೋ. ಹೀಗೆ ಬೀಳುತ್ತಿದ್ದಿದ್ದರೆ ಸಕ್ರೆಬೈಲಿನ ಹತ್ತಿರ ಯಾರಾದರೂ ಅಡ್ಡ ನಿಂತು ಜಗಳಕ್ಕೇ ಬರುತ್ತಿದ್ದರು, ಅಲ್ವಾ?

'ಕುದುರೆಯೂ ಉಸಿರಾಡುತ್ತದಲ್ಲ, ಅದೂ ಅದೇ ಗಾಳಿ ಬಿಡುತ್ತದಲ್ಲ' ಅಂತ ಕೇಳಬಹುದು. ಸರಿಯಾದ ಪ್ರಶ್ನೆಯೇ. ವ್ಯತ್ಯಾಸ ಇರುವುದು ಮೇವಿನಲ್ಲಿ. ಕುದುರೆ ಈ ವರ್ಷ ತಿಂದ ಹುಲ್ಲು ಈ ವರ್ಷವೇ ಗಾಳಿಯಿಂದ ಇಂಗಾಲ ಹೀರಿ ಬೆಳೆದದ್ದು. ಕುದುರೆ ಅದನ್ನು ಉಸಿರಾಗಿ, ಲದ್ದಿಯಾಗಿ ವಾಪಸ್ ಬಿಡುತ್ತದೆ. ಬರುವ ಮಳೆಗಾಲದ ಹುಲ್ಲು ಮತ್ತೆ ಹೀರಿಕೊಳ್ಳುತ್ತದೆ. ಇದು ಕೈಗಡ ಇದ್ದ ಹಾಗೆ, ಕೊಟ್ಟು ತಗೊಂಡು ನಡೆಯುವ ವ್ಯವಹಾರ. ಪೆಟ್ರೋಲು ಹಾಗಲ್ಲ. ಅದು ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಇಡುಗಂಟು. ನಾವು ಅದನ್ನು ಒಡೆದು ಖರ್ಚು ಮಾಡುತ್ತಿದ್ದೇವೆ. ಹೊಸದಾಗಿ ಗಾಳಿಗೆ ಸೇರಿದ ಅಷ್ಟನ್ನೂ ಹೀರಿಕೊಳ್ಳಲು ಹುಲ್ಲು, ಮರ, ಸಮುದ್ರ ಎಲ್ಲಾ ಸೇರಿದರೂ ಸಾಕಾಗುತ್ತಿಲ್ಲ.

ಹೊರ್ಮುಜ್ ಹೆಸರು ಇಲ್ಲಿ ಮತ್ತೆ ಬರುತ್ತದೆ. ಐನೂರು ವರ್ಷದ ಹಿಂದೆ ಕುದುರೆ ಬರುತ್ತಿದ್ದ ಅದೇ ಸಮುದ್ರದ ದಾರಿಯಲ್ಲೇ ನಮ್ಮ ದೇಶದ ಕಚ್ಚಾ ತೈಲದಲ್ಲಿ ದೊಡ್ಡ ಪಾಲು ಬರುತ್ತಿತ್ತು. ಆಗ ಭಟ್ಕಳದಲ್ಲಿ ಇಳಿದು ಘಾಟಿ ಹತ್ತಿದ್ದು, ಈಗ ಮಂಗಳೂರಿನಲ್ಲಿ ಶುದ್ಧೀಕರಣವಾಗಿ ಘಾಟಿ ಹತ್ತುತ್ತದೆ. ಶಕ್ತಿಗಾಗಿ ನಾವು ಆಗಲೂ ಹೊರಗಿನವರಿಗೆ ದುಡ್ಡು ಕೊಡುತ್ತಿದ್ದೆವು, ಈಗಲೂ ಕೊಡುತ್ತಿದ್ದೇವೆ.

ಹಾಗಂತ ಕುದುರೆಯ ಖಾತೆ ಸೊನ್ನೆಯೂ ಅಲ್ಲ. ಹುಲ್ಲು ಅದರ ಕರುಳಿನಲ್ಲಿ ಹುಳಿತು ಜೀರ್ಣವಾಗುವಾಗ ಮೀಥೇನ್ ಹುಟ್ಟುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಲೆಕ್ಕಕ್ಕೆಂದು ಕೊಟ್ಟ ಸರಾಸರಿಯಲ್ಲಿ ಒಂದು ಕುದುರೆಗೆ ವರ್ಷಕ್ಕೆ 18 ಕಿಲೋ ಮೀಥೇನ್. ದನ ಮೆಲುಕು ಹಾಕುವುದರಿಂದ ಅದರದ್ದು ಇನ್ನೂ ಜಾಸ್ತಿ. ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಗುಣಿಸಿದರೆ ಒಂದು ಕುದುರೆಯದು ವರ್ಷಕ್ಕೆ ಅರ್ಧ ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಕುದುರೆ ಲಾಯದಲ್ಲಿ ಸುಮ್ನೆ ನಿಂತಿದ್ದರೂ ಈ ಖರ್ಚು ನಿಲ್ಲುವುದಿಲ್ಲ. ಕಾರನ್ನು ಶೆಡ್ಡಿಗೆ ಹಾಕಿ ಬೀಗ ಜಡಿದರೆ ಅದು ಏನನ್ನೂ ತಿನ್ನುವುದಿಲ್ಲ.

ಈಗ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗೋಣ. ಅರವತ್ತು ಕಿಲೋಮೀಟರ್. ಕುದುರೆ ವರ್ಷಕ್ಕೆ 250 ದಿನ, ದಿನಕ್ಕೆ 30 ಕಿಲೋಮೀಟರ್ ಓಡುತ್ತದೆ ಅಂತ ಹಿಡಿದು ಅದರ ಅರ್ಧ ಟನ್ನನ್ನು ಹಂಚಿದರೆ, ಈ ಅರವತ್ತು ಕಿಲೋಮೀಟರಿಗೆ ನಾಲ್ಕು ಕಿಲೋ ಬೀಳುತ್ತದೆ. ಜಟಕಾದಲ್ಲಿ ನಾಲ್ವರು ಕೂತರೆ ತಲೆಗೆ ಒಂದು ಕಿಲೋ. ಒಬ್ಬರೇ ಕಾರಿನಲ್ಲಿ ಹೋದರೆ ಒಂಬತ್ತು ಕಿಲೋ, ನಾಲ್ವರು ಹೋದರೆ ತಲೆಗೆ ಎರಡು ಕಿಲೋ ಚಿಲ್ಲರೆ. ಲೀಟರಿಗೆ ಐವತ್ತು ಕೊಡುವ ಸ್ಕೂಟರಿನಲ್ಲಿ ಒಬ್ಬರೇ ಹೋದರೆ ಎರಡೂ ಮುಕ್ಕಾಲು ಕಿಲೋ. ಬಸ್ಸು? ಅದು ಲೀಟರ್ ಡೀಸೆಲಿಗೆ ನಾಲ್ಕೂವರೆ ಕಿಲೋಮೀಟರ್ ಓಡುತ್ತದೆ ಅಂತ ಇಟ್ಟುಕೊಳ್ಳಿ. ಡೀಸೆಲ್ ಲೀಟರಿಗೆ 2.7 ಕಿಲೋ ಬಿಡುತ್ತದೆ. ಒಟ್ಟು 36 ಕಿಲೋ. ನಲವತ್ತೈದು ಸೀಟೂ ತುಂಬಿದ್ದರೆ ತಲೆಗೆ ಎಂಟುನೂರು ಗ್ರಾಂ.

ಅಂದರೆ ಕರಿ ಹೊಗೆ ಉಗುಳುತ್ತಾ ಮಂಡಗದ್ದೆ ದಾಟುವ ತುಂಬಿದ ಬಸ್ಸು, ಕುದುರೆ ಗಾಡಿಗಿಂತಲೂ ಕಡಿಮೆ! ನಾನು ಎರಡು ಸಲ ಲೆಕ್ಕ ಮಾಡಿ ನೋಡಿದೆ. ಅದೇ ಬಸ್ಸಿನಲ್ಲಿ ಎಂಟೇ ಜನ ಇದ್ದರೆ ತಲೆಗೆ ನಾಲ್ಕೂವರೆ ಕಿಲೋ ಆಗಿಬಿಡುತ್ತದೆ. ಎಂಜಿನ್ ಎಷ್ಟು ಹಳೆಯದು ಅನ್ನುವುದಕ್ಕಿಂತ ಸೀಟು ಎಷ್ಟು ತುಂಬಿದೆ ಅನ್ನುವುದೇ ಈ ಲೆಕ್ಕವನ್ನು ತಿರುಗಿಸುತ್ತದೆ. ಇದು ಹವೆ ಬಿಸಿಯಾಗುವ ಲೆಕ್ಕ ಮಾತ್ರ. ಮೂಗಿಗೆ ಬರುವ ಹೊಗೆ, ಮಸಿ ಬೇರೆ ಖಾತೆ. ಅದರಲ್ಲಿ ಹಳೆಯ ಡೀಸೆಲ್ ಬಸ್ಸು ನಿಜಕ್ಕೂ ಕೆಟ್ಟದ್ದು. 2000ದವರೆಗೆ ನಮ್ಮ ಪೆಟ್ರೋಲಿನಲ್ಲಿ ಸೀಸವೂ ಇತ್ತು, ಮಕ್ಕಳ ಮಿದುಳಿಗೆ ಕುತ್ತು ತರುವಂಥದ್ದು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಗಾಡಿಗಳ ಹೊಗೆ ಎಷ್ಟೋ ಕಡಿಮೆಯಾಗಿದೆ.

ಬಸ್ಸಿನ ಮಾತು ಬಂದಾಗ ಕೊಪ್ಪದ ಸಹಕಾರ ಸಾರಿಗೆ ನೆನಪಾಗದೆ ಇರದು. 1991ರಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕರೇ ಸೇರಿ ಕಟ್ಟಿದ ಬಸ್ ಸಂಸ್ಥೆ ಅದು. ರಸ್ತೆ ಅಂತ ಹೆಸರಿಗೆ ಮಾತ್ರ ಇರುವ ಊರುಗಳಿಗೂ ಹೋಗುತ್ತಿತ್ತು. 2020ರಲ್ಲಿ ನಿಂತುಹೋಯಿತು. ಬಸ್ ಬರದ ಊರಿನಲ್ಲಿ ಏನಾಗುತ್ತದೆ? ಮನೆಗೊಂದು ಸ್ಕೂಟರ್, ಆಮೇಲೆ ಒಂದು ಹಳೇ ಕಾರು. ಜನರನ್ನು ದೂರಿ ಏನು ಪ್ರಯೋಜನ, ಆಸ್ಪತ್ರೆಗೆ ಹೋಗಬೇಕಲ್ಲ. ಹಾಗೆ ಬಂದ ಗಾಡಿ ಬರೀ ಆಸ್ಪತ್ರೆಗೆ ಹೋಗಿ ಸುಮ್ಮನಿರುವುದಿಲ್ಲ ಅನ್ನುವುದೂ ನಿಜ. ಕುದುರೆ ಕಂಡರೆ ಕಾಲುನೋವು ಅಂತಾರಲ್ಲ, ಹಾಗೆ. ನಮ್ಮ ಅತ್ತೆ ಮನೆಗೆ ಸ್ಕೂಟರ್ ಬಂದ ಮೇಲೆ ಅರ್ಧ ಮೈಲಿ ದೂರದ ಡೇರಿಗೆ ನಡೆದು ಹೋದವರನ್ನು ನಾನು ನೋಡಿಲ್ಲ. ಗಾಡಿ ಒಂದಕ್ಕೆ ಹೊಗೆ ಕಡಿಮೆಯಾದರೂ ಓಡಾಟವೇ ಜಾಸ್ತಿಯಾದರೆ ಒಟ್ಟು ಮೊತ್ತ ಏರುತ್ತಲೇ ಹೋಗುತ್ತದೆ.

ಮೇವಿನ ಜಾಗದ ಲೆಕ್ಕ ಒಂದು ಬಾಕಿ ಇದೆ. ನಮ್ಮ ಆ ಹದಿನೈದು ಸಾವಿರ ಕುದುರೆಗೆ ದಿನಕ್ಕೆ ಹತ್ತು ಕಿಲೋ ಒಣ ಮೇವಿನಂತೆ ವರ್ಷಕ್ಕೆ ಸುಮಾರು 55 ಸಾವಿರ ಟನ್ ಬೇಕು. ಎಕರೆಗೆ ಎರಡು ಟನ್ ಅಂತ ಹಿಡಿದರೂ 27 ಸಾವಿರ ಎಕರೆ. ಅಷ್ಟು ಗದ್ದೆಯನ್ನು ಕುದುರೆಗೇ ಬಿಟ್ಟರೆ ಅನ್ನ ಎಲ್ಲಿಂದ? ಇದು ಬರೀ ಊಹೆಯಲ್ಲ. 1915ರ ಸುಮಾರಿಗೆ ಅಮೆರಿಕದಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಕುದುರೆ, ಹೇಸರಗತ್ತೆ ಇದ್ದವು. ಅಲ್ಲಿನ ಬೆಳೆ ಭೂಮಿಯಲ್ಲಿ ಕಾಲು ಭಾಗದಷ್ಟು ಅವುಗಳ ಹೊಟ್ಟೆಗೇ ಹೋಗುತ್ತಿತ್ತು.

ಹುಲ್ಲಿನ ಕುದುರೆಗೆ ಗದ್ದೆ ಬೇಕು, ಸರಿ. ಅತ್ತೆಯ 'ಹುಲ್ಲು ತಿನ್ನದ ಕುದುರೆ'ಗೆ ಏನು ಬೇಕು? ಎಲೆಕ್ಟ್ರಿಕ್ ಸ್ಕೂಟರ್ ಮೂರು ಯೂನಿಟ್ ಕರೆಂಟಿಗೆ ಸುಮಾರು ನೂರು ಕಿಲೋಮೀಟರ್ ಓಡುತ್ತದೆ. ದೇಶದ ಸರಾಸರಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್, ಯಾಕೆಂದರೆ ಹೆಚ್ಚಿನ ಕರೆಂಟು ಕಲ್ಲಿದ್ದಲಿನಿಂದ ಬರುತ್ತದೆ. ಆ ಲೆಕ್ಕದಲ್ಲಿ ತೀರ್ಥಹಳ್ಳಿ–ಶಿವಮೊಗ್ಗ ದಾರಿಗೆ ಒಂದೂಕಾಲು ಕಿಲೋ. ಪೆಟ್ರೋಲ್ ಸ್ಕೂಟರಿನ ಅರ್ಧಕ್ಕೂ ಕಡಿಮೆ. ಲಾಭವೇ. ಬ್ಯಾಟರಿಗೆ ಬೇಕಾದ ಲಿಥಿಯಂ ಎಲ್ಲೋ ದೂರದ ಗಣಿಯಿಂದ ಬರುತ್ತದೆ, ಆ ಗುಂಡಿ ನಮಗೆ ಕಾಣುವುದಿಲ್ಲ.

ಕರೆಂಟಿನ ಗುಂಡಿ ಮಾತ್ರ ಶಿವಮೊಗ್ಗ ಜಿಲ್ಲೆಯವರಿಗೆ ಚೆನ್ನಾಗಿ ಕಾಣುತ್ತದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಎಚ್‌ಪಿಗೆ ತಿರುಗಿಸಿದರೆ ಸುಮಾರು ಹದಿನಾಲ್ಕು ಲಕ್ಷ ಕುದುರೆ! ಹೊಗೆಯಿಲ್ಲ, ಬೂದಿಯಿಲ್ಲ. ಆದರೆ ಆ ಕುದುರೆಗಳಿಗೆ ಮೇವು ಕೂಡಿಡಲು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ 300 ಚದರ ಕಿಲೋಮೀಟರಿಗೂ ಹೆಚ್ಚು ನೆಲ ಮುಳುಗಿತು. ಕಾಡು, ತೋಟ, ಗದ್ದೆ, ದೇವಸ್ಥಾನ. ಎಬ್ಬಿಸಿ ಕಳಿಸಿದವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಸಾಗರದ ಕಡೆಯವರ ಮುಂದೆ 'ಕರೆಂಟ್ ಗಾಡಿಗೆ ಏನೂ ಖರ್ಚಿಲ್ಲ' ಅಂತ ಹೇಳಿ ನೋಡಿ.

ಕಾಡನ್ನೇ ಮೇವಾಗಿಸಿದ ಗಾಡಿಯೂ ನಮ್ಮಲ್ಲಿ ಓಡಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಪೆಟ್ರೋಲಿಗೆ ಬರ ಬಂದಾಗ ಬಸ್ಸುಗಳು ಇದ್ದಿಲಿನಲ್ಲಿ ಓಡಿದವು. ಬಸ್ಸಿನ ಹಿಂದೆ ಒಂದು ಕಬ್ಬಿಣದ ಒಲೆ. ಅದರಲ್ಲಿ ಇದ್ದಿಲು ಹಾಕಿ, ಹಿಡಿ ತಿರುಗಿಸಿ ಗಾಳಿ ಊದಿ, ಬಂದ ಗ್ಯಾಸನ್ನು ಎಂಜಿನ್ನಿಗೆ ಬಿಡುವುದು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುವುದೂ ಟಿಕೆಟ್ಟಿನಲ್ಲೇ ಸೇರಿತ್ತು. ಇದ್ದಿಲು ಮರದಿಂದ ಬಂದದ್ದು, ಮರ ಮತ್ತೆ ಬೆಳೆಯುತ್ತದೆ, ಹಾಗಾಗಿ ಲೆಕ್ಕದಲ್ಲಿ ಇದೂ ಕುದುರೆಯ ಹುಲ್ಲಿನ ಥರವೇ ಕೈಗಡ. ಹುಲ್ಲು ಮರುವರ್ಷವೇ ಚಿಗುರುತ್ತದೆ, ಮರಕ್ಕೆ ಮಾತ್ರ ಮೂವತ್ತು ನಲವತ್ತು ವರ್ಷ ಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಕಬ್ಬಿಣ ಕರಗಿಸುತ್ತಿದ್ದದ್ದೂ ಇದ್ದಿಲಿನಿಂದಲೇ. ಸಾಲ ತೀರಿಸುವ ವೇಗಕ್ಕಿಂತ ತೆಗೆಯುವ ವೇಗ ಜಾಸ್ತಿಯಾದರೆ ಕೈಗಡವೂ ಮನೆ ಹಾಳು ಮಾಡುತ್ತದೆ.

ನನ್ನನ್ನು ಕೇಳಿದರೆ, ಮಲೆನಾಡಿನಲ್ಲಿ ಗಾಡಿಗಿಂತ ದೊಡ್ಡ ವಿಷಯ ರಸ್ತೆಯದ್ದು. ಎತ್ತಿನಗಾಡಿ ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ಹೋಗುತ್ತದೆ. ಅದಕ್ಕೆ ಗುಡ್ಡ ಸುತ್ತಿಕೊಂಡು ಹೋಗುವ ಕಿರಿದಾದ ಮಣ್ಣಿನ ದಾರಿ ಸಾಕು. ಎಂಬತ್ತರ ವೇಗಕ್ಕೆ ತಿರುವು ನೇರವಾಗಬೇಕು, ಅಗಲ ಬೇಕು. ಅದಕ್ಕೆ ಗುಡ್ಡದ ಬುಡ ಕಡಿಯಬೇಕು. ಬುಡ ಕಡಿದ ಗುಡ್ಡ ಮಳೆ ನೀರು ಕುಡಿದು ಒಂದು ದಿನ ಕುಸಿದು ಕೂರುತ್ತದೆ. ಭಾರದ ಗಾಡಿ ರಸ್ತೆಗೆ ಕೊಡುವ ಪೆಟ್ಟೂ ಸುಲಭದ ಲೆಕ್ಕದಲ್ಲಿ ಏರುವುದಿಲ್ಲ. ಚಕ್ರದ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಯ ಸವೆತ ಹದಿನಾರು ಪಟ್ಟು, ಹತ್ತು ಪಟ್ಟಾದರೆ ಹತ್ತು ಸಾವಿರ ಪಟ್ಟು ಅನ್ನುವುದು ಎಂಜಿನಿಯರುಗಳ ಅಂದಾಜು. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ಗಾಡಿಗಳನ್ನು ತಡೆಯುವುದು ಸುಮ್ಮನೆ ಅಲ್ಲ.

ಜೂನ್ ತಿಂಗಳ ಮೊದಲ ಜೋರು ಮಳೆಯ ರಾತ್ರಿ ಒಮ್ಮೆ ಮೇಗರವಳ್ಳಿ ಕಡೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದೆ. ರಸ್ತೆ ತುಂಬಾ ಕಪ್ಪೆ. ಒಂದು ಬದಿಯ ಕಾಡಿನಿಂದ ಇನ್ನೊಂದು ಬದಿಯ ಗದ್ದೆಗೆ ಹೊರಟಿದ್ದವು. ಲೈಟ್ ಬಿದ್ದ ಕೂಡಲೇ ಹಾಗೇ ಕೂತುಬಿಡುತ್ತವೆ. ನಾನು ಕಾಲು ಊರುತ್ತಾ ಹಾವಿನ ಹಾಗೆ ಓಲಾಡಿಕೊಂಡು ಬಂದೆ. ಹಿಂದಿನಿಂದ ಬಂದ ಕಾರು ಹಾರ್ನ್ ಹೊಡೆದು ದಾಟಿ ಹೋಯಿತು. ಟಪ್ ಟಪ್ ಅಂತ ಸದ್ದು. ಹೆಡ್‌ಲೈಟಿನಲ್ಲಿ ಆಮೇಲೆ ಕಂಡದ್ದನ್ನು ಬರೆಯುವುದು ಬೇಡ. ಆ ಕಾರು ಎಲೆಕ್ಟ್ರಿಕ್ ಆಗಿದ್ದರೂ ಅದೇ ಆಗುತ್ತಿತ್ತು.

ಸ್ಟಾರ್ಟರ್ ರಿಪೇರಿಯಾದ ಮರುವಾರ ಅತ್ತೆ ಮನೆಗೆ ಗೊಬ್ಬರದ ಲಾರಿ ಬಂತು. ಈಗ ಅವರ ಕೊಟ್ಟಿಗೆಯಲ್ಲಿ ಒಂದೇ ದನ. ಉಳಿದ ಜಾಗದಲ್ಲಿ ಸ್ಕೂಟರ್ ನಿಲ್ಲುತ್ತದೆ. ಎತ್ತು ಮಾರಿ ಎಷ್ಟೋ ವರ್ಷವಾಯಿತು. ತೋಟ ಅಷ್ಟೇ ಇದೆ, ಅದಕ್ಕೆ ಗೊಬ್ಬರ ಬೇಕು. ಹಾಗಾಗಿ ಚಿತ್ರದುರ್ಗದ ಕಡೆಯಿಂದ ಕುರಿ ಗೊಬ್ಬರ ತರಿಸುತ್ತಾರೆ. ಹೋಗಿ ಬರಲು ಮುನ್ನೂರು ಚಿಲ್ಲರೆ ಕಿಲೋಮೀಟರ್. ಲೀಟರಿಗೆ ನಾಲ್ಕು ಕಿಲೋಮೀಟರ್ ಅಂದರೂ ಎಂಬತ್ತು ಲೀಟರ್ ಡೀಸೆಲ್, ಇನ್ನೂರು ಕಿಲೋಗೂ ಮೀರಿ ಹೊಗೆ. ಅದಿಷ್ಟೂ ಹತ್ತು ಟನ್ ಹಿಕ್ಕೆ ಹೊತ್ತು ತರುವುದಕ್ಕೆ.

ನಾನು ಈ ಲೆಕ್ಕ ಹೇಳಿದೆ. ಅತ್ತೆ ಲಾರಿಯ ಮೇಲೆ ಹೊದಿಸಿದ ಟಾರ್ಪಾಲಿನ ಒಂದು ಮೂಲೆ ಎತ್ತಿ, ಒಂದು ಹಿಡಿ ಗೊಬ್ಬರ ತೆಗೆದು ಅಂಗೈಯಲ್ಲಿ ಉಜ್ಜಿ ನೋಡುತ್ತಿದ್ದರು. "ಅದಿರ್ಲಿ ಮಾರಾಯ, ಅರ್ಧಕ್ಕರ್ಧ ಮಣ್ಣೇ ಸೇರಿಸಿದಾನೆ" ಅಂದವರೇ ಡ್ರೈವರನ್ನು ಕರೆದರು.